ಚೈನ್ ಹೋಟೆಲ್‌ಗಳಲ್ಲಿ ತಿನ್ನುವಾಗ ದುಡ್ಡು ಉಳಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ನಾಲ್ಕು ಜನ. ಇರುವುದು ಬೆಂಗಳೂರಿನಲ್ಲಿ. ತಿಂಗಳಿಗೆ ಎರಡು ಮೂರು ಸಲ ಹೊರಗೆ ತಿನ್ನುತ್ತೇವೆ. ಅದನ್ನು ಬಿಡುವ ಮನಸ್ಸು ನನಗಿಲ್ಲ. ವಾರವಿಡೀ ಒಲೆ ಮುಂದೆ ನಿಂತವರಿಗೆ ಒಂದು ಹೊತ್ತಾದರೂ ಬೇರೆಯವರು ಬಡಿಸಿದ ಊಟ ಸಿಗಬೇಕು. ಮಕ್ಕಳಿಗೂ ಕಾಯುವುದಕ್ಕೆ ಒಂದು ಭಾನುವಾರ ಬೇಕು. ಆದರೆ ಬಿಲ್ ಬಂದಾಗ ಎದೆ ಧಸಕ್ ಅನ್ನಬಾರದು, ಅಲ್ವಾ? ನಾಲ್ಕು ವರ್ಷದಿಂದ ಬಿಲ್‌ಗಳನ್ನೆಲ್ಲ ಒಂದು ಹಳೇ ಡೈರಿಗೆ ಅಂಟಿಸಿ ಇಡುತ್ತಿದ್ದೇನೆ. ಅದನ್ನು ನೋಡಿದವರು, ಆಫೀಸಿನವರು, ನೆಂಟರು ಕೇಳುವ ಪ್ರಶ್ನೆಗಳು ಇವು.

ನಾವು ಅಷ್ಟೇನೂ ತಿಂದಿರುವುದಿಲ್ಲ. ಬಿಲ್ ಮಾತ್ರ ಯಾಕೆ ಅಷ್ಟು ಬರುತ್ತದೆ?

ಯಾಕೆಂದರೆ ಬಿಲ್ ಬೆಳೆಯುವುದು ಊಟದಿಂದ ಅಲ್ಲ, ಊಟದ ಅಕ್ಕಪಕ್ಕ ಬಂದು ಕೂರುವ ಐಟಂಗಳಿಂದ. ನನ್ನ ಡೈರಿ ನನಗೆ ಕಲಿಸಿದ ಒಂದೇ ಪಾಠ ಇದು. ಕೂತ ತಕ್ಷಣ ಬರುವ ನೀರಿನ ಬಾಟಲಿ. ಊಟ ಬರುವ ತನಕ ಸುಮ್ನೆ ಇರಲಿ ಅಂತ ಹೇಳಿದ ಸ್ಟಾರ್ಟರ್. ತಲೆಗೊಂದು ಜ್ಯೂಸ್ ಅಥವಾ ಕೋಲಾ. ಕೊನೆಗೆ ಐಸ್‌ಕ್ರೀಂ. ನಾಲ್ಕು ಜನರ ಟೇಬಲ್‌ನಲ್ಲಿ ಇವೆಲ್ಲ ನಾಲ್ಕರಿಂದ ಗುಣಾಕಾರ ಆಗುತ್ತವೆ. ನಾವು ಹೋಗಿದ್ದು ಬಿರಿಯಾನಿಗೆ. ಡೈರಿಯ ಬಿಲ್‌ಗಳನ್ನು ಕೂಡಿಸಿ ನೋಡಿದರೆ ಬಿರಿಯಾನಿಯ ಪಾಲು ಎಷ್ಟೋ ಸಲ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಹಾಗಾಗಿ ನಾನು ಮಾಡುವ ಮೊದಲ ಕೆಲಸ, ಮನೆ ಬಿಡುವ ಮುಂಚೆ ಮೆನು ನೋಡುವುದು. ಚೈನ್ ಹೋಟೆಲ್‌ಗಳ ಅನುಕೂಲವೇ ಇದು. ಮೆನು, ರೇಟು ಎರಡೂ ಫೋನಿನಲ್ಲೇ ಸಿಗುತ್ತವೆ. ಏನು ತಿನ್ನಬೇಕು ಅಂತ ಹೊಟ್ಟೆ ಹಸಿಯುವ ಮೊದಲೇ ತೀರ್ಮಾನ ಆದರೆ ಟೇಬಲ್ ಮುಂದೆ ಯೋಚಿಸುವುದು ಕಡಿಮೆಯಾಗುತ್ತದೆ.

ಬಿಲ್‌ನಲ್ಲಿ ಜಿಎಸ್‌ಟಿ ಎಷ್ಟಿರಬೇಕು?

ಮಾಮೂಲಿ ರೆಸ್ಟೋರೆಂಟ್‌ಗಳಲ್ಲಿ 5%. ಬಿಲ್‌ನಲ್ಲಿ ಅದನ್ನು ಕೇಂದ್ರದ ಪಾಲು 2.5%, ರಾಜ್ಯದ ಪಾಲು 2.5% ಅಂತ ಎರಡು ಸಾಲಿನಲ್ಲಿ ತೋರಿಸುತ್ತಾರೆ. ಎಸಿ ಇದ್ದರೂ ಇಲ್ಲದಿದ್ದರೂ ಒಂದೇ ದರ. 2017ರ ನವೆಂಬರ್ 15ಕ್ಕೆ ಮೊದಲು ಎಸಿ ಇದ್ದರೆ 18%, ಇಲ್ಲದಿದ್ದರೆ 12% ಇತ್ತು. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡವರು ಇನ್ನೂ ಎಸಿ ಅಂದರೆ ಹೆದರುತ್ತಾರೆ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವಂಥ ದೊಡ್ಡ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ನಲ್ಲಿ ಮಾತ್ರ 18% ಬೀಳಬಹುದು.

ಮೆನುವಿನಲ್ಲಿರುವ ರೇಟಿಗೆ ತೆರಿಗೆ ಸೇರಿದೆಯಾ ಇಲ್ಲವಾ ಅಂತ ನೋಡಿಕೊಳ್ಳಿ. ದರ್ಶಿನಿಗಳಲ್ಲಿ ಬೋರ್ಡ್ ಮೇಲಿನ ರೇಟನ್ನೇ ಕೊಟ್ಟು ಟೋಕನ್ ತಗೊಳ್ಳುವುದು ಮಾಮೂಲಿ. ಪಿಜ್ಜಾ, ಬರ್ಗರ್ ಅಂಗಡಿಗಳ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ರೇಟಿಗೆ ತೆರಿಗೆ ಬಹಳ ಸಲ ಆಮೇಲೆ ಸೇರುತ್ತದೆ.

ಸರ್ವಿಸ್ ಚಾರ್ಜ್ ಕೊಡಲೇಬೇಕಾ?

ಬೇಡ. ಇದನ್ನು ಎಲ್ಲರೂ ತಿಳಿದಿರಬೇಕು ಅನ್ನುವುದು ನನ್ನ ಆಸೆ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ. ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ, ಹೋಟೆಲ್‌ನವರು ತಾವೇ ಹಾಕಿಕೊಳ್ಳುವುದು. ಸಾಮಾನ್ಯವಾಗಿ 5%ರಿಂದ 10% ಇರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಸರ್ವಿಸ್ ಚಾರ್ಜನ್ನು ಬಿಲ್‌ನಲ್ಲಿ ತಾನಾಗಿ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟೂ ವಸೂಲಿ ಮಾಡುವಂತಿಲ್ಲ. ಕೊಡಲ್ಲ ಅಂದವರನ್ನು ಒಳಗೆ ಬಿಡದೆ ಇರುವಂತಿಲ್ಲ. ರೆಸ್ಟೋರೆಂಟ್‌ಗಳ ಸಂಘಗಳು ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿದು, ಎರಡು ಸಂಘಗಳಿಗೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು.

ದುಡ್ಡಿನ ಲೆಕ್ಕ ನೋಡಿ. ಊಟದ ಬಿಲ್ 1,000 ರೂಪಾಯಿ. ಬರೀ ಜಿಎಸ್‌ಟಿ ಸೇರಿದರೆ 1,050. ಇದಕ್ಕೆ 10% ಸರ್ವಿಸ್ ಚಾರ್ಜ್ ಹಾಕಿದರೆ ಮೊತ್ತ 1,100 ಆಗುತ್ತದೆ, ಆಮೇಲೆ ಆ 1,100ರ ಮೇಲೆ ಜಿಎಸ್‌ಟಿ. ಒಟ್ಟು 1,155. ಕೊಡಬೇಕಿಲ್ಲದ ದುಡ್ಡಿನ ಮೇಲೂ ತೆರಿಗೆ ಕಟ್ಟಿದ ಹಾಗಾಯಿತು.

ಹೋದ ವರ್ಷ ಮಗಳ ಹುಟ್ಟುಹಬ್ಬಕ್ಕೆ ಮಾಲ್ ಒಂದರ ರೆಸ್ಟೋರೆಂಟಿಗೆ ಹೋಗಿದ್ದೆವು. ಬಿಲ್‌ನಲ್ಲಿ ಸಿಬ್ಬಂದಿ ಕ್ಷೇಮದ ಹೆಸರಿನಲ್ಲಿ ಒಂದು ಸಾಲು. ಕೇಳಿದರೆ ಮ್ಯಾನೇಜರ್, 'ಸಿಸ್ಟಂನಲ್ಲೇ ಬರುತ್ತೆ ಸರ್, ತೆಗೆಯೋಕಾಗಲ್ಲ' ಅಂದರು. ನಾನು ದನಿ ಏರಿಸಲಿಲ್ಲ. 'ದಯವಿಟ್ಟು ತೆಗೆದು ಹೊಸ ಬಿಲ್ ಕೊಡಿ, ಅಲ್ಲೀತನಕ ಕೂತಿರ್ತೀವಿ' ಅಂದೆ. ಹತ್ತು ನಿಮಿಷದಲ್ಲಿ ಹೊಸ ಬಿಲ್ ಬಂತು. ಮಗಳಿಗೆ ಮೊದಲು ಮುಜುಗರ ಆಯಿತು. ಈಗ ಬಿಲ್ ಬಂದ ತಕ್ಷಣ ಓದುವವಳು ಅವಳೇ.

ತೆಗೆಯುವುದೇ ಇಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಬಿಲ್ ಜೋಪಾನವಾಗಿ ಇಟ್ಟುಕೊಂಡಿರಿ.

ಹಾಗಾದರೆ ಟಿಪ್ಸ್ ಕೊಡಬಾರದಾ?

ಖಂಡಿತ ಕೊಡಿ. ಬಡಿಸಿದವರ ಕೈಗೇ ಕೊಡಿ. ಉಳಿತಾಯದ ಹೆಸರಿನಲ್ಲಿ ನಾನು ಯಾವತ್ತೂ ಕೈ ಹಾಕದ ಜಾಗ ಇದೊಂದೇ. ಎಂಟು ಹತ್ತು ಗಂಟೆ ನಿಂತೇ ಕೆಲಸ ಮಾಡುವವರು ಅವರು.

ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳಬಹುದಾ?

ಹೋಟೆಲ್, ರೆಸ್ಟೋರೆಂಟ್ ಒಳಗೆ ಕೂರಿಸಿ ಕೊಡುವಾಗ ತಗೊಳ್ಳಬಹುದು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ. ಅಲ್ಲಿ ಮಾರುವುದು ಬರೀ ನೀರಲ್ಲ, ಜಾಗ ಮತ್ತು ಸೇವೆಯೂ ಸೇರಿದೆ ಅನ್ನುವುದು ಕೋರ್ಟಿನ ಮಾತು. ಹಾಗಾಗಿ ಜಗಳ ಆಡುವುದಕ್ಕಿಂತ, ಕೂತ ತಕ್ಷಣ 'ಮಾಮೂಲಿ ನೀರು ಕೊಡಿ' ಅನ್ನುವುದು ಸುಲಭ. 'ಬಿಸ್ಲೇರಿನಾ ಸರ್?' ಅಂತ ಕೇಳಿದಾಗ ಸುಮ್ಮನೆ ತಲೆ ಆಡಿಸಬೇಡಿ. ನಮ್ಮ ಕಡೆ ಹೋಟೆಲ್‌ಗೆ ಹೋದರೆ ಮೊದಲು ಟೇಬಲ್ ಮೇಲೆ ಬರುತ್ತಿದ್ದುದೇ ಸ್ಟೀಲ್ ಲೋಟದ ನೀರು. ಅದನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಯವರು ಒಂದು ಬಾಟಲಿ ನೀರು ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತಾರೆ.

ಬರ್ಗರ್ ಅಂಗಡಿಯ ಕಾಂಬೋ ನಿಜಕ್ಕೂ ಲಾಭವಾ?

ಕೋಲಾ ಕುಡಿಯಲೇಬೇಕು, ಫ್ರೈಸ್ ತಿನ್ನಲೇಬೇಕು ಅಂತ ಮನೆಯಿಂದಲೇ ಹೊರಟಿದ್ದರೆ ಲಾಭ. ಇಲ್ಲದಿದ್ದರೆ ನಷ್ಟ. 120 ರೂಪಾಯಿಯ ಬರ್ಗರ್ ತಿನ್ನಲು ಹೋದವರು 230ರ ಕಾಂಬೋ ತಗೊಂಡು '60 ರೂಪಾಯಿ ಉಳಿಯಿತು' ಅಂದುಕೊಳ್ಳುತ್ತೇವೆ. ಆದರೆ ಜೇಬಿನಿಂದ ಹೋಗಿದ್ದು 110 ರೂಪಾಯಿ ಜಾಸ್ತಿ. ಗ್ಲಾಸಿನ ಕೋಲಾದಲ್ಲಿ ಐಸ್ ಎಷ್ಟಿರುತ್ತದೆ ನೋಡಿ. ಐಸ್ ಬೇಡ ಅಂತ ಕೇಳಿ, ಒಂದು ಗ್ಲಾಸ್ ಇಬ್ಬರಿಗೆ ಸಾಕಾಗುತ್ತದೆ.

ಇನ್ನೊಂದು ವಿಷಯ. ಮ್ಯಾಕ್‌ಡೊನಾಲ್ಡ್ಸ್ ಅನ್ನು ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ನಡೆಸುವ ಕಂಪನಿ ಬೇರೆ, ಉತ್ತರ ಮತ್ತು ಪೂರ್ವದಲ್ಲಿ ನಡೆಸುವ ಕಂಪನಿ ಬೇರೆ. ದೆಹಲಿಯ ಗೆಳೆಯರು ಕಳಿಸಿದ ಕೂಪನ್ ಬೆಂಗಳೂರಿನಲ್ಲಿ ನಡೆಯದಿರುವುದಕ್ಕೆ ಕಾರಣ ಇದು.

ಪಿಜ್ಜಾದಲ್ಲಿ ಯಾವ ಸೈಜ್ ತಗೊಂಡರೆ ಲಾಭ?

ಇದಕ್ಕೆ ಸ್ಕೂಲಿನ ಗಣಿತವೇ ಸಾಕು. ಪಿಜ್ಜಾದ ಇಂಚನ್ನು ಅದೇ ಇಂಚಿನಿಂದ ಗುಣಿಸಿ. 7 ಇಂಚಿನ ಪಿಜ್ಜಾಗೆ 49. 10 ಇಂಚಿನದಕ್ಕೆ 100. ಅಂದರೆ ಅಳತೆ ಬರೀ 3 ಇಂಚು ಜಾಸ್ತಿ, ಪಿಜ್ಜಾ ಮಾತ್ರ ಎರಡರಷ್ಟು. 8 ಇಂಚಿನದು ಎರಡು ತಗೊಂಡರೂ 12 ಇಂಚಿನ ಒಂದು ಪಿಜ್ಜಾಗೆ ಸಾಟಿ ಆಗುವುದಿಲ್ಲ: 64 ಮತ್ತು 64 ಕೂಡಿದರೆ 128, ಅಲ್ಲಿ 144.

ಈಗ ರೇಟನ್ನು ಆ ಸಂಖ್ಯೆಯಿಂದ ಭಾಗಿಸಿ. 7 ಇಂಚಿನದು 150 ರೂಪಾಯಿ ಇದ್ದರೆ, 10 ಇಂಚಿನದು 300ರ ಒಳಗಿರಬೇಕು. ಆಗ ದೊಡ್ಡದು ತಗೊಳ್ಳಿ. 300 ದಾಟಿದರೆ ಚಿಕ್ಕದು ಎರಡು ತಗೊಳ್ಳುವುದೇ ಮೇಲು. ಆಫರ್ ಇಲ್ಲದ ದಿನ ಬಹಳ ಕಡೆ ದೊಡ್ಡದು ಗೆಲ್ಲುತ್ತದೆ. ಆದರೆ ಚಿಕ್ಕ ಪಿಜ್ಜಾಗಳ ಮೇಲೆ ಆಫರ್ ಹಾಕಿದಾಗ ಲೆಕ್ಕ ತಿರುಗುತ್ತದೆ, ಅದಕ್ಕೇ ಪ್ರತಿ ಸಲ ಗುಣಿಸಿ ನೋಡಬೇಕು. ನನ್ನ ಮಗ ಏಳನೇ ಕ್ಲಾಸು. ವೃತ್ತದ ವಿಸ್ತೀರ್ಣ ಅವನಿಗೆ ಅರ್ಥ ಆಗಿದ್ದು ಪಿಜ್ಜಾ ಅಂಗಡಿಯಲ್ಲೇ.

ಇಂಚು ಬರೆದಿಲ್ಲವಾ? ಹತ್ತು ಅಥವಾ ಅದಕ್ಕಿಂತ ಜಾಸ್ತಿ ಶಾಖೆ ಇರುವ ಚೈನ್‌ಗಳು ಮೆನುವಿನಲ್ಲಿ ಕ್ಯಾಲರಿಯ ಜೊತೆಗೆ ಒಂದು ಸರ್ವಿಂಗ್ ಎಷ್ಟು ಅನ್ನುವುದನ್ನೂ ತೋರಿಸಬೇಕು. ಇದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಎಲ್ಲರೂ ಅದನ್ನು ಡಯೆಟ್ ಮಾಡುವವರಿಗೆ ಬರೆದಿದ್ದು ಅಂದುಕೊಳ್ಳುತ್ತಾರೆ. ನನಗೆ ಅದು ರೇಟು ಹೋಲಿಸುವ ತಕ್ಕಡಿ. ಎರಡು ಬರ್ಗರ್, ಎರಡು ರೈಸ್ ಬೌಲ್‌ಗಳ ನಡುವೆ ಯಾವುದರಲ್ಲಿ ನಿಜವಾಗಿ ಜಾಸ್ತಿ ಊಟ ಇದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಸ್ವಿಗ್ಗಿ, ಜೊಮಾಟೊದಲ್ಲಿ ತರಿಸಿದರೆ ಕಡಿಮೆ ಬೀಳುತ್ತಾ, ಹೋಗಿ ತಿಂದರೆ ಕಡಿಮೆ ಬೀಳುತ್ತಾ?

ದೊಡ್ಡ ಕೂಪನ್ ಇಲ್ಲದಿದ್ದರೆ ಹೋಗಿ ತಿನ್ನುವುದೇ ಕಡಿಮೆ. ಆಪ್‌ನವರಿಗೆ ಕಮಿಷನ್ ಕೊಡಬೇಕಾದ್ದರಿಂದ ಬಹಳ ಹೋಟೆಲ್‌ಗಳು ಆಪ್‌ನಲ್ಲಿ ಅದೇ ತಿಂಡಿಗೆ ರೇಟು ಜಾಸ್ತಿ ಇಟ್ಟಿರುತ್ತವೆ. ಮೇಲೆ ಪ್ಯಾಕಿಂಗ್, ಡೆಲಿವರಿ ಚಾರ್ಜ್, ಪ್ಲಾಟ್‌ಫಾರ್ಮ್ ಫೀ. ಈ ಪ್ಲಾಟ್‌ಫಾರ್ಮ್ ಫೀ 2023ರಲ್ಲಿ ಶುರುವಾದಾಗ ಬರೀ 2 ರೂಪಾಯಿ ಇತ್ತು. ಆಮೇಲೆ ಹತ್ತು ರೂಪಾಯಿ ದಾಟಿತು. 2025ರ ಸೆಪ್ಟೆಂಬರ್ 22ರಿಂದ ಡೆಲಿವರಿ ಚಾರ್ಜ್ ಮೇಲೂ 18% ಜಿಎಸ್‌ಟಿ ಇದೆ.

ಮನೆ ಹತ್ತಿರ ಶಾಖೆ ಇದ್ದರೆ ಫೋನ್ ಮಾಡಿ ಪಾರ್ಸೆಲ್ ಹೇಳಿ, ಸಂಜೆ ವಾಕಿಂಗ್ ಹೋದಾಗ ತನ್ನಿ. ಸ್ಟೀಲ್ ಡಬ್ಬಿ ತಗೊಂಡು ಹೋದರೆ ಸಾಂಬಾರ್ ಹಾಕಿಕೊಡುವ ಹೋಟೆಲ್‌ಗಳು ಈಗಲೂ ಇವೆ. ಕೆಲವು ಕಡೆ ಪಾರ್ಸೆಲ್ ಚಾರ್ಜೂ ಉಳಿಯುತ್ತದೆ. ಪಿಜ್ಜಾ ಆದರೆ ಡಾಮಿನೋಸ್‌ನಂಥವರ ಸ್ವಂತ ಆಪ್ ಮತ್ತು ಬೇರೆ ಆಪ್ ಎರಡನ್ನೂ ತೆರೆದು, ಕೊನೆಯ ಮೊತ್ತವನ್ನು ಹೋಲಿಸಿ. ಮೇಲಿನ ರೇಟನ್ನಲ್ಲ, ಕೊನೆಯ ಮೊತ್ತವನ್ನು.

'ಆಪ್‌ನಲ್ಲಿ ಬಿಲ್ ಕಟ್ಟಿದರೆ 40% ಆಫ್' ಅನ್ನುತ್ತಾರೆ. ನಂಬಬಹುದಾ?

ನಂಬಬಹುದು, ಪೂರ್ತಿ ಓದಿದ ಮೇಲೆ. ಡೈನ್‌ಔಟ್, ಡಿಸ್ಟ್ರಿಕ್ಟ್, ಈಜಿಡೈನರ್ ಇಂಥ ಆಪ್‌ಗಳಲ್ಲಿ ನನಗೆ ಒಳ್ಳೆ ಲಾಭ ಆಗಿದೆ. ನೋಡಬೇಕಾದ್ದು ಇಷ್ಟು. ಆಫರ್ ವಾರಾಂತ್ಯಕ್ಕೂ ಇದೆಯಾ? ಮೊದಲೇ ಟೇಬಲ್ ಬುಕ್ ಮಾಡಿರಬೇಕಾ? ಗರಿಷ್ಠ ಎಷ್ಟು ರೂಪಾಯಿ ಕಡಿತ? ಬಫೆಗೆ, ಡ್ರಿಂಕ್ಸ್‌ಗೆ ಅನ್ವಯ ಆಗುತ್ತಾ? ಕೂರುವ ಮೊದಲೇ ಕ್ಯಾಷಿಯರ್ ಹತ್ತಿರ 'ಈ ಆಫರ್ ಇವತ್ತು ನಡೆಯುತ್ತಾ?' ಅಂತ ಫೋನ್ ತೋರಿಸಿ ಕೇಳಿ. ತಿಂದ ಮೇಲೆ ಕೇಳಿದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಆಫರ್ ಪೂರ್ತಿ ಸಿಗಲಿ ಅಂತ ಇನ್ನೊಂದು ಐಟಂ ಸೇರಿಸುವುದು ನಾವೆಲ್ಲ ಮಾಡುವ ತಪ್ಪು. ನನ್ನ ಡೈರಿಯಲ್ಲೂ ಅಂಥ ಬಿಲ್‌ಗಳಿವೆ.

ಬಫೆ ಯಾವಾಗ ಹೋಗಬೇಕು?

ವಾರದ ದಿನ, ಮಧ್ಯಾಹ್ನ. ಬಾರ್ಬೆಕ್ಯೂ ನೇಷನ್‌ನಂಥ ಕಡೆ ಅದೇ ಊಟಕ್ಕೆ ಶನಿವಾರ ರಾತ್ರಿ ಒಂದು ರೇಟು, ಮಂಗಳವಾರ ಮಧ್ಯಾಹ್ನ ಇನ್ನೊಂದು. ಬುಕ್ ಮಾಡುವಾಗಲೇ ತೆರಿಗೆ ಸೇರಿದ ರೇಟು ಕೇಳಿ. ಮಕ್ಕಳಿಗೆ ಯಾವ ವಯಸ್ಸಿನ ತನಕ ರಿಯಾಯಿತಿ ಅಂತಲೂ ಕೇಳಿ. ಮನೆಯಲ್ಲಿ ಕಮ್ಮಿ ತಿನ್ನುವ ಹಿರಿಯರಿದ್ದರೆ ಬಫೆ ಬೇಡವೇ ಬೇಡ. ಅವರಿಗೆ ಒಂದು ಮೊಸರನ್ನ ಸಾಕು, ಕೊಡುವುದು ಪೂರ್ತಿ ರೇಟು.

ದರ್ಶಿನಿ, ಎಟುಬಿ (ಅಡ್ಯಾರ್ ಆನಂದ ಭವನ), ಬಿರಿಯಾನಿ ಹೋಟೆಲ್‌ಗಳಲ್ಲೂ ಉಳಿಸೋಕೆ ಏನಾದರೂ ಇದೆಯಾ?

ತುಂಬಾ ಇದೆ. ನನಗೆ ಇಷ್ಟವಾದ ಜಾಗಗಳೂ ಇವೇ.

ಒಂದೇ ಹೋಟೆಲಿನಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಮೇಲೆ ಎಸಿ ಹಾಲ್ ಇರುತ್ತದೆ. ಅಡುಗೆ ಮನೆ ಒಂದೇ, ದೋಸೆ ಒಂದೇ, ರೇಟು ಎರಡು. ಕಾಲು ನೋವಿನವರು ಜೊತೆಗಿದ್ದರೆ ಮೇಲೆ ಹೋಗಿ, ಇಲ್ಲದಿದ್ದರೆ ಕೆಳಗೆ ನಿಂತು ತಿನ್ನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಇದ್ದ ಯೋಚನೆಯೇ ಇದು. ಕುರ್ಚಿ ಇಲ್ಲ, ಬಡಿಸುವವರಿಲ್ಲ, ಜನ ಬೇಗ ತಿಂದು ಹೋಗುತ್ತಾರೆ. ಉಳಿದ ಖರ್ಚು ತಿಂಡಿಯ ರೇಟಿನಲ್ಲಿ ಇಳಿಯುತ್ತದೆ.

ಬಿರಿಯಾನಿ ಹೋಟೆಲಿನಲ್ಲಿ ಮೂರು ಜನಕ್ಕೆ ಮೂರು ಬಿರಿಯಾನಿ ಹೇಳಬೇಡಿ. ಎರಡು ಬಿರಿಯಾನಿ, ಒಂದು ಕುಷ್ಕಾ ಹೇಳಿ. ಕುಷ್ಕಾ ಅಂದರೆ ಅದೇ ಬಿರಿಯಾನಿಯ ಅನ್ನ, ಪೀಸ್ ಇಲ್ಲದ್ದು. ರೇಟು ಕಡಿಮೆ, ಮಸಾಲೆ ಅದೇ. ಆಂಧ್ರ ಶೈಲಿಯ ಹೋಟೆಲ್‌ಗಳಲ್ಲಿ ಬಾಳೆ ಎಲೆ ಊಟ ಹೇಳಿದರೆ ಅನ್ನ, ಪಪ್ಪು, ಸಾರು ಮತ್ತೆ ಮತ್ತೆ ಬಡಿಸುತ್ತಾರೆ. ಇಡೀ ಟೇಬಲ್‌ಗೆ ಒಂದು ಚಿಕನ್ ಡ್ರೈ ಹೇಳಿದರೆ ಸಾಕು. ಹಸಿದು ಬಂದ ಕಾಲೇಜು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಸಸ್ಯಾಹಾರಿ ಹೋಟೆಲ್‌ಗಳಲ್ಲಿ ರೋಟಿ, ಪನೀರ್ ಗ್ರೇವಿ, ಫ್ರೈಡ್ ರೈಸ್ ಬಿಡಿಬಿಡಿಯಾಗಿ ಹೇಳಿದಾಗ ಬಿಲ್ ಏರುತ್ತದೆ. ಸೌತ್ ಇಂಡಿಯನ್ ಮೀಲ್ಸ್ ಅದರ ಅರ್ಧ ದುಡ್ಡಿಗೆ ಹೊಟ್ಟೆ ತುಂಬಿಸುತ್ತದೆ. ಕಾಫಿಯನ್ನು ಮಾತ್ರ ಊಟ ಮಾಡಿದ ಜಾಗದಲ್ಲಿ ಕುಡಿಯಬೇಡಿ. ಪಕ್ಕದ ದರ್ಶಿನಿಗೆ ಹೋಗಿ. 2025ರಲ್ಲಿ ಹಾಲು, ಕಾಫಿ ಪುಡಿ ಎರಡರ ರೇಟೂ ಏರಿ ಅಲ್ಲೂ ಕಾಫಿ ದುಬಾರಿ ಆಯಿತು ನಿಜ. ಆದರೂ ಎಸಿ ಹಾಲಿನ ಕಾಫಿಗೆ ಹೋಲಿಸಿದರೆ ಎಷ್ಟೋ ವಾಸಿ, ರುಚಿಯೂ ಜಾಸ್ತಿ.

ದೊಡ್ಡ ರೆಸ್ಟೋರೆಂಟ್‌ನಲ್ಲಿ ಬೈಟು ಕೇಳೋಕೆ ನಾಚಿಕೆ ಆಗುತ್ತೆ.

ಬೈಟು ಕಾಫಿ ಬೆಂಗಳೂರಿನ ಹೆಮ್ಮೆ. ಸೂಪ್‌ಗೂ ಕೇಳಿ. ಎರಡು ಬಟ್ಟಲಲ್ಲಿ ನೀಟಾಗಿ ತಂದುಕೊಡುತ್ತಾರೆ.

ಮಕ್ಕಳು ಹಠ ಮಾಡಿದರೆ ಏನು ಮಾಡುವುದು?

ಹಠವನ್ನು ಟೇಬಲ್ ಮುಂದೆ ಬಗೆಹರಿಸಲು ಆಗುವುದಿಲ್ಲ. ನಾವು ಮನೆಯಲ್ಲೇ ಮಾತಾಡಿಕೊಳ್ಳುತ್ತೇವೆ: ಊಟದ ಜೊತೆ ತಲಾ ಒಂದು ಇಷ್ಟದ ಐಟಂ. ಅದು ಕೋಲಾ ಆಗಬಹುದು, ಐಸ್‌ಕ್ರೀಂ ಆಗಬಹುದು, ಎರಡೂ ಅಲ್ಲ. ಆಯ್ಕೆ ಅವರದ್ದೇ ಆದ್ದರಿಂದ ಅಳು ಕಡಿಮೆ. ಐಸ್‌ಕ್ರೀಂ ಅಂದರೆ ಎದ್ದು ಬಂದು ನಂದಿನಿ ಪಾರ್ಲರ್‌ನಲ್ಲಿ ಕೊಡಿಸುತ್ತೇನೆ. ಆಟಿಕೆ ಬರುವ ಮಕ್ಕಳ ಮೀಲ್ ತಿಂಗಳಿಗೆ ಒಂದೇ ಸಲ.

ಮಗು ಚಿಕ್ಕದಾಗಿದ್ದರೆ ಅದಕ್ಕೆ ಬೇರೆ ಪ್ಲೇಟ್ ಹೇಳಬೇಡಿ. ಖಾಲಿ ಪ್ಲೇಟ್ ಕೇಳಿ, ನಿಮ್ಮದರಲ್ಲೇ ಕೊಡಿ.

ಬೆಂಗಳೂರು–ಮೈಸೂರು ದಾರಿಯಲ್ಲಿ ಎಲ್ಲಿ ನಿಲ್ಲಿಸಬೇಕು?

ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರೊಳಗೆ ಹೋಗದೆ ಹೊರಗಿಂದಲೇ ಸಾಗುತ್ತದೆ. ಹಾಗಾಗಿ ಹಳೇ ಹೋಟೆಲ್‌ಗಳು ಕಣ್ಣಿಗೇ ಬೀಳುವುದಿಲ್ಲ. ಹತ್ತು ನಿಮಿಷ ಜಾಸ್ತಿ ಆದರೂ ಊರೊಳಗಿನ ಹಳೇ ರಸ್ತೆಗೆ ಇಳಿಯಿರಿ. ತಟ್ಟೆ ಇಡ್ಲಿ, ಮದ್ದೂರು ವಡೆ ಸಿಗುವ ದಾರಿಯಲ್ಲಿ ಸಿಟಿಯ ಬರ್ಗರನ್ನೇ ಮತ್ತೆ ತಿನ್ನುವುದು ದುಡ್ಡಿಗೂ ನಷ್ಟ, ಬಾಯಿಗೂ ನಷ್ಟ. ಹೆದ್ದಾರಿ, ಮಾಲ್, ವಿಮಾನ ನಿಲ್ದಾಣದ ಶಾಖೆಗಳಲ್ಲಿ ಅದೇ ಬ್ರ್ಯಾಂಡಿನ ರೇಟು ಬೇರೆ ಇರಬಹುದು, ಬೋರ್ಡ್ ನೋಡಿಯೇ ಹೇಳಿ.

ಪಿಜಿಯಲ್ಲಿದ್ದೇನೆ, ದಿನಾ ಹೊರಗೇ ತಿನ್ನಬೇಕು.

ಹಾಗಾದರೆ ಚೈನ್ ರೆಸ್ಟೋರೆಂಟನ್ನು ಸಂಬಳದ ದಿನಕ್ಕೆ ಇಟ್ಟುಕೊಳ್ಳಿ. ದಿನದ ಊಟಕ್ಕೆ ಹತ್ತಿರದ ಮೆಸ್ ನೋಡಿ. ಇಂದಿರಾ ಕ್ಯಾಂಟೀನ್ ಕೂಡ ಒಂದು ಚೈನೇ, ಸರ್ಕಾರದ್ದು. 2017ರ ಆಗಸ್ಟ್ 16ರಂದು ಶುರುವಾಯಿತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅಲ್ಲಿ ಸಾಲಿನಲ್ಲಿ ನಿಲ್ಲಲು ಸಂಕೋಚ ಬೇಡ.

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿ ಏನು ಗಮನಿಸಬೇಕು?

ನಾನು ಅಲ್ಲಿ ಮೂರು ತಿಂಗಳು ಇದ್ದೆ. ಮೆನುವಿನ ರೇಟಿಗೆ ತೆರಿಗೆ ಸೇರಿರುವುದಿಲ್ಲ. ಕೂತು ತಿನ್ನುವ ಕಡೆ 15%ರಿಂದ 20% ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಬಡಿಸುವವರ ಸಂಪಾದನೆ ಅದರ ಮೇಲೇ ನಿಂತಿದೆ, ಅದನ್ನು ಉಳಿಸಲು ಹೋಗಬೇಡಿ. ಹಾಗಾಗಿ ಮೆನುವಿನಲ್ಲಿ ಕಂಡ ಮೊತ್ತಕ್ಕೆ ಕಾಲು ಭಾಗ ಸೇರಿಸಿ ಯೋಚಿಸಿ. ಕೌಂಟರ್‌ನಲ್ಲಿ ನಾವೇ ತಗೊಳ್ಳುವ ಕಡೆ ಟಿಪ್ಸ್ ಕಡ್ಡಾಯವಲ್ಲ, ಸ್ಕ್ರೀನ್ ಕೇಳಿದರೂ ಸರಿ. ದೊಡ್ಡ ಗುಂಪಿನಲ್ಲಿ ಹೋದಾಗ ಟಿಪ್ಸ್ ಬಿಲ್‌ನಲ್ಲೇ ಸೇರಿರಬಹುದು, ನೋಡದೆ ಎರಡನೇ ಸಲ ಕೊಡಬೇಡಿ. ನೀರು ಬೇಕು ಅಂದಾಗ 'ಟ್ಯಾಪ್ ವಾಟರ್' ಅನ್ನಿ, ದುಡ್ಡಿಲ್ಲ. ಒಂದು ಪ್ಲೇಟ್ ನಮ್ಮ ಕಡೆಯ ಇಬ್ಬರಿಗೆ ಧಾರಾಳ. ಉಳಿದದ್ದನ್ನು ಕಟ್ಟಿಸಿಕೊಂಡು ಬರುವುದು ಅಲ್ಲಿ ಎಲ್ಲರೂ ಮಾಡುವ ಕೆಲಸ.

ಇಲ್ಲಿ ಉಳಿದ ಊಟ ಕಟ್ಟಿಸಿಕೊಂಡರೆ ಏನಾದರೂ ಅಂದುಕೊಳ್ಳುತ್ತಾರಾ?

ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಫೆ ಬಿಟ್ಟು ಎಲ್ಲ ಕಡೆ ಕೇಳಿ. ಉಳಿದ ಗ್ರೇವಿಗೆ ಬೆಳಿಗ್ಗೆ ಎರಡು ಚಪಾತಿ ಸಾಕು.

ಬಿಲ್‌ನಲ್ಲಿ ತಪ್ಪಿದೆಯಾ ಅಂತ ಹೇಗೆ ನೋಡುವುದು?

ಕಾರ್ಡ್ ಕೊಡುವ ಮೊದಲು, ಸ್ಕ್ಯಾನ್ ಮಾಡುವ ಮೊದಲು ನೋಡಿ. ನಾನು ನೋಡುವ ಕ್ರಮ ಇದು. ಐಟಂಗಳ ಸಂಖ್ಯೆ ಮೊದಲು. ರೋಟಿ, ನೀರು, ಪಾಪಡ್, ಇವುಗಳಲ್ಲೇ ತಪ್ಪು ಜಾಸ್ತಿ. ಆಮೇಲೆ ಕೆಳಗಿನ ಸಾಲುಗಳು: ಜಿಎಸ್‌ಟಿ ಬಿಟ್ಟು ಬೇರೆ ಏನಾದರೂ ಸೇರಿದೆಯಾ? ಕೊನೆಗೆ ಜಿಎಸ್‌ಟಿ ನಂಬರ್ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನಂಬರ್. ಈ ಎರಡನೆಯದು 2022ರಿಂದ ಬಿಲ್ ಮೇಲೆ ಇರಲೇಬೇಕು. ದೂರು ಕೊಡಬೇಕಾದರೂ ಅದೇ ಬೇಕಾಗುವುದು. ಇನ್ನೊಂದು ಮಾತು, ಬಿಲ್‌ನ ಕಾಗದ ಬಿಸಿಲಿಗೆ ಅಳಿಸಿಹೋಗುತ್ತದೆ. ಡೈರಿಗೆ ಅಂಟಿಸುವ ಮೊದಲು ಒಂದು ಫೋಟೋ ತೆಗೆದಿಡಿ. ನನ್ನ ಮೊದಲ ವರ್ಷದ ಬಿಲ್‌ಗಳೆಲ್ಲ ಈಗ ಬಿಳೀ ಚೀಟಿಗಳು.